ಈರೇಶನ ಗಡ್ಡ, ಐದು ಡಿಗ್ರಿ ನೀರು

ಈರೇಶನನ್ನು ಮೊದಲ ಸಲ ನೋಡಿದ ದಿನ ನಾನು ಶೂ ಬಿಚ್ಚಿ ಕೈಮುಗಿದು ನಿಂತಿದ್ದೆ. ಅವನು ಕುತ್ತಿಗೆಗೆ ಬಿಳಿ ಪುಡಿ ಬಳಿದುಕೊಂಡು, ಕೈಯಲ್ಲಿ ಮೇಣದಬತ್ತಿ ಹಿಡಿದು ಟ್ಯಾಂಕಿನ ಬಾಯಿಯ ಹತ್ತಿರ ಕೂತಿದ್ದ. ನೀರಿಗಿಳಿಯುವ ಮುಂಚೆ ಗಂಗಮ್ಮನ ಪೂಜೆ ಇರಬೇಕು, ಮಹದೇವಪುರದ ಟೆಕ್ ಪಾರ್ಕಿನಲ್ಲೂ ಭಕ್ತಿ ಉಳಿದಿದೆಯಲ್ಲ ಎಂದುಕೊಂಡೆ.

"ಸರ, ಇದು ನೀರಿಗಿಳಿಯೋ ಸೂಟಿನ ಜಿಪ್ಪಿಗೆ. ಮೇಣ ಸವರಲಿಲ್ಲಂದ್ರ ಬಿಗಿತೈತಿ," ಅಂದ. "ನೀವ್ಯಾಕ ಬರಿಗಾಲಾಗ ನಿಂತೀರಿ?"

ಪುಡಿ, ಸೂಟಿನ ರಬ್ಬರ್ ಪಟ್ಟಿ ಕುತ್ತಿಗೆಗೆ ಅಂಟಿ ಹರಿಯದಿರಲಿ ಅಂತ. ನಾನು ಶೂ ಹಾಕಿಕೊಂಡೆ.

ನಮ್ಮ ಪಾರ್ಕಿನ ಎಸಿಗೆ ತಣ್ಣೀರು ತುಂಬಿಡುವ ದೊಡ್ಡ ಟ್ಯಾಂಕ್ ಇದೆ. ನೀರು ಐದು ಡಿಗ್ರಿ. ಖಾಲಿ ಮಾಡಿದರೆ ಮೇಲಿನ ಮಹಡಿಗಳೆಲ್ಲ ಬೆವರುತ್ತವೆ, ಹಾಗಾಗಿ ರಿಪೇರಿ ಬಂದರೆ ಮನುಷ್ಯನನ್ನೇ ಇಳಿಸುತ್ತಾರೆ. ನಾನು ಫೆಸಿಲಿಟಿ ಡೆಸ್ಕಿನವನು. ಸ್ವೆಟರ್ ಹಾಕಿಕೊಂಡು ಎಸಿ ಜಾಸ್ತಿಯಾಯ್ತು ಎಂದು ದೂರುವವರಿಗೆ 'ನೋಡ್ತೀವಿ' ಎಂದು ಬರೆಯುತ್ತೇನೆ. ಈರೇಶ ಬಂದಾಗ ಪಕ್ಕದಲ್ಲಿ ನಿಲ್ಲುತ್ತೇನೆ. ಎರಡರಿಂದಲೂ ಯಾರಿಗೂ ಏನೂ ಆಗುವುದಿಲ್ಲ.

ಈರೇಶ ಬಾಗಲಕೋಟೆ ಕಡೆಯವನು, ಕೃಷ್ಣೆಯಲ್ಲಿ ಮೀನು ಹಿಡಿಯುವವರ ಮನೆ. ಅದೇ ಊರಿನ ಬಸಲಿಂಗ ಅವನನ್ನು ಪೀಣ್ಯದ ಟ್ಯಾಂಕ್ ಕಂಪನಿಗೆ ಸೇರಿಸಿದ. ಈಗ ಬಾಗಲಗುಂಟೆಯಲ್ಲಿ ಬಾಡಿಗೆ ಕೋಣೆ. ಈರೇಶ ಇಳಿಯುತ್ತಾನೆ, ಬಸಲಿಂಗ ಮೇಲೆ ಹಗ್ಗ ಹಿಡಿಯುತ್ತಾನೆ.

ಅವನ ಡ್ರೈಸೂಟಿನೊಳಗೆ ನೀರು ಹೋಗಬಾರದು. ಅದಕ್ಕೇ ಕತ್ತಿಗೂ ಮಣಿಕಟ್ಟಿಗೂ ತೆಳು ರಬ್ಬರ್ ಪಟ್ಟಿ. ಮೈ ಬೆಚ್ಚಗಿಡುವುದು ಒಳಗಿನ ಉಣ್ಣೆ ಬಟ್ಟೆ, ಅದೂ ಒಣಗಿರುವ ತನಕ ಮಾತ್ರ. ಹಾಗಾಗಿ ಈರೇಶ ಉಗುರು ಬೆಳೆಸುವುದಿಲ್ಲ, ಕಡಗ ಹಾಕುವುದಿಲ್ಲ. ಬೆವರಬಾರದೆಂದು ಕೊನೆಯ ಗಳಿಗೆವರೆಗೆ ನೆರಳಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಾನೆ. ಖಾಲಿ ಹೊಟ್ಟೆಗೆ ಚಳಿ ಬೇಗ ಹತ್ತುತ್ತದಂತೆ.

ಈ ಸಲ ಗಡ್ಡ ಬಿಟ್ಟುಕೊಂಡು ಬಂದ. ಕತ್ತಿನ ತನಕ ಇಳಿದ ಗಡ್ಡ. ಹೆಂಡತಿ ದಾನೇಶ್ವರಿಗೆ ಐದು ತಿಂಗಳು. ಬಸುರಿಯ ಗಂಡ ಹೆರಿಗೆಯಾಗುವವರೆಗೆ ಬ್ಲೇಡು ಮುಟ್ಟುವಂತಿಲ್ಲ. ಆದರೆ ಕೂದಲಿನ ಮೇಲೆ ರಬ್ಬರ್ ಕೂರುವುದಿಲ್ಲ, ನೀರು ಜಿನುಗುತ್ತದೆ.

"ಮುಖದ್ದು ಇರ್ಲಿ ಬಿಡೋ," ಬಸಲಿಂಗ ಬ್ಲೇಡು ತೋರಿಸಿದ. "ಕತ್ತಿನ ಸುತ್ತ ಎರಡು ಬೆರಳಗಲ ತೆಗಿ. ದೇವ್ರು ಟೇಪ್ ಹಿಡ್ಕೊಂಡು ಅಳೀತಾನೇನು?"

"ನೀ ಹಗ್ಗ ಹಿಡಿ."

"ಒದ್ದಿ ಆಗಿ ಬಂದ್ರ ನಾಳಿಂದ ನಿನ್ನ ಇಳಸಂಗಿಲ್ಲಪಾ. ಒಣ ಟ್ಯಾಂಕ್ ಉಜ್ಜಾಕ ಹಚ್ತಾರ."

"ಹಚ್ಲಿ."

ಇಳಿದ. ಹಗ್ಗ ಹಿಡಿದುಕೊಂಡೇ ಬಸಲಿಂಗ ನನಗೆ ಹೇಳಿದ: ಹೋದ ವರ್ಷ ಮೊದಲ ಬಸುರಿನಲ್ಲಿ ಇದೇ ಮಾತಾಗಿತ್ತು, ಈರೇಶ ಒಪ್ಪಿದ್ದ, ಅವನ ಕತ್ತು ಬೋಳಿಸಿದ್ದು ಬಸಲಿಂಗನೇ. ಆರನೇ ತಿಂಗಳಲ್ಲಿ ಮಗು ಹೋಯಿತು. ಮನೆಯಲ್ಲಿ ಯಾರೂ ಅವನನ್ನು ದೂರಲಿಲ್ಲ. ದಾನೇಶ್ವರಿ ಕನ್ನಡಿಯ ಹತ್ತಿರ ಇದ್ದ ರೇಜರ್ ತೆಗೆದು ಹೊರಗೆ ಎಸೆದಳು, ಅಷ್ಟೇ.

ಹಗ್ಗ ಜಗ್ಗಿತು. ಕೆಲಸ ಅರ್ಧವೂ ಆಗಿರಲಿಲ್ಲ. ಮೇಲೆ ಎಳೆದಾಗ ಈರೇಶನ ತುಟಿ ನೀಲಿಯಾಗಿತ್ತು, ಸ್ಪ್ಯಾನರ್ ಕೆಳಗೇ ಉಳಿದಿತ್ತು. ಜಿಪ್ ನಾವೇ ಎಳೆದೆವು. ಒಳಗಿನ ಉಣ್ಣೆ ಹಿಂಡಿದರೆ ನೀರು ಸುರಿಯುವಷ್ಟು ತೊಯ್ದಿತ್ತು. ಒಣ ಬಟ್ಟೆ ಹಾಕಿ, ಕಂಬಳಿ ಹೊದಿಸಿ ಟೀ ಕೊಟ್ಟೆ. ಲೋಟ ಅವನ ಕೈಯಲ್ಲಿ ನಿಲ್ಲಲಿಲ್ಲ. ಬಾಯಿಗೆ ಹಿಡಿದೆ, ಅರ್ಧ ನನ್ನ ಪ್ಯಾಂಟಿನ ಮೇಲೆ ಬಿತ್ತು. ಬಿಸಿ ತಾಗಿದ್ದು ನನಗೊಬ್ಬನಿಗೆ.

ಬಸಲಿಂಗ ಸೂಪರ್‌ವೈಸರ್‌ಗೆ ಫೋನ್ ಮಾಡಿ ಇದ್ದದ್ದು ಹೇಳಿದ. ಆ ಕಡೆಯ ಮಾತು ನಮಗೂ ಕೇಳಿಸಿತು: ಆ ಹುಡುಗನ್ನ ಇನ್ನು ನೀರಿಗೆ ಇಳಿಸಬೇಡಿ. ಈರೇಶ ಬೇರೆ ಯಾರದೋ ವಿಷಯ ಎಂಬಂತೆ ಕೇಳಿದ. ನಡುಕ ನಿಂತ ಮೇಲೆ ಎದ್ದು ಸೂಟನ್ನು ತಿರುವಿಹಾಕಿ ನೆರಳಿಗೆ ಇಳಿಬಿಟ್ಟ. ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತದೆ. ಕತ್ತಿನ ಪಟ್ಟಿ ಒರೆಸಿ, ಬಗ್ಗದ ಬೆರಳುಗಳಲ್ಲೇ ಪುಡಿ ಸವರಿದ. ನಾಳೆ ಅದನ್ನು ಹಾಕಿಕೊಳ್ಳುವವನು ಬೇರೆಯವನು.

ಸುಮ್ಮನಿರುವುದು ನನಗೆ ಬರುವುದಿಲ್ಲ. ಕೇಳಿಬಿಟ್ಟೆ: "ಈರೇಶ್, ಹೋದ ಸಲ ಬೋಳಿಸಿದ್ದಕ್ಕೇ ಮಗು ಹೋಯ್ತು ಅಂತ ನಿಜವಾಗ್ಲೂ ನಂಬ್ತೀಯಾ?"

"ನಂಬಂಗಿಲ್ಲ ಸರ," ಅಂದ. "ಬೋಳಸಂಗೂ ಇಲ್ಲ."