ಗಡ್ಡದಮ್ಮ

ಸಂತರ ಪಟ ಬರೆಯುವ ಆ ಕಾರ್ಯಾಗಾರದಲ್ಲಿ ಮುಖ, ಬಟ್ಟೆಗಳಿಗೆ ಬೇರೆಯವರಿದ್ದರು. ಕೂದಲು, ಗಡ್ಡ ಮಾತ್ರ ಆಕೆಯ ಪಾಲು, ಹಾಗಾಗಿ ಎಲ್ಲರ ಬಾಯಲ್ಲೂ ಆಕೆ ಗಡ್ಡದಮ್ಮ. ಕಡುಗಂದು ಬಳಿದು, ಉಸಿರು ಬಿಗಿಹಿಡಿದು ಅದರ ಮೇಲೆ ತಿಳಿಬಣ್ಣದ ಎಳೆಗಳನ್ನು ಒಂದೊಂದಾಗಿ ಎಳೆಯುವಾಗ ನೊಣವೂ ಅತ್ತ ಸುಳಿಯಲು ಹೆದರುತ್ತಿತ್ತು. "ದಪ್ಪ ಕುಂಚದಲ್ಲಿ ಬೇಗ ಮುಗಿಸಮ್ಮ, ದೂರದಿಂದ ಯಾರಿಗೆ ಕಾಣುತ್ತೆ?" ಎಂದು ಯಜಮಾನ ಗೊಣಗಿದರೆ, "ಮಂಡಿಯೂರಿ ಅಳೋರು ಹತ್ತಿರದಿಂದಲೇ ನೋಡ್ತಾರೆ" ಎನ್ನುವಳು. ಒಮ್ಮೆ ಪಟ ಒಯ್ಯಲು ಬಂದ ಚರ್ಚಿನ ಗುರುಗಳು ಗಡ್ಡದಲ್ಲಿ ಅಡ್ಡ ನಿಂತ ಒಂದು ಎಳೆ ತೋರಿಸಿ, "ಇದನ್ನ ಅಳಿಸಿಬಿಡಮ್ಮ, ಸಂತರ ಗಡ್ಡ ಒಪ್ಪವಾಗಿರಬೇಕು" ಎಂದರು. ಆಕೆ ಕುಂಚ ತೊಳೆದಿಟ್ಟಳು. "ಹಾಸಿಗೆ ಹಿಡಿದ ಗಂಡನ ಗಡ್ಡ ದಿನಾ ನಾನೇ ಬಾಚ್ತಿದ್ದೆ, ಗುರುಗಳೇ. ಈ ಎಳೆ ಕೊನೇವರೆಗೂ ಬಗ್ಗಲಿಲ್ಲ. ಈಗ ನಾನು ಬಗ್ಗಿಸಲ್ಲ. ಬೇಡವಾದ್ರೆ ಪಟ ಇಲ್ಲೇ ಇರಲಿ." ಗುರುಗಳು ಪಟವನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟರು.