ಬೀಗರ ಮುನಿಸು

ಚಿಕ್ಕಮಗಳೂರಿನಿಂದ ಅತ್ತಿಗುಂಡಿಗೆ ಹೋಗುವ ದಾರಿಯಲ್ಲಿ ಹೊಸದೊಂದು ಹೋಟೆಲ್ ಶುರುವಾಗಿದೆ. ಅಲ್ಲಿ ದಿನವೂ ಬೀಗರ ಊಟ, ಮದುವೆಯೊಂದು ಇಲ್ಲ ಅಷ್ಟೇ. ಒಳಗೆ ಕಾಲಿಟ್ಟ ಗಿರಾಕಿಗಳೆಲ್ಲ ಗಂಡಿನ ಕಡೆಯವರು, ಕೆಲಸದವರೆಲ್ಲ ಹೆಣ್ಣಿನ ಕಡೆಯವರು. ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, ಕುಂಕುಮ ಇಟ್ಟು, ಬನ್ನಿ ಬೀಗರೇ ಎಂದು ಕರೆದು ಎಲೆಯ ಮುಂದೆ ಕೂರಿಸುತ್ತಾರೆ. ಊಟದ ನಡುವೆ ನಾವು ಮುನಿಸಿಕೊಳ್ಳಬೇಕು. ಉಪ್ಪು ಕಮ್ಮಿ, ಮರ್ಯಾದೆ ಕಮ್ಮಿ, ಹೀಗೆ ಏನಾದರೊಂದು ಹುಳುಕು ತೆಗೆದು ಎಲೆ ಬಿಟ್ಟು ಏಳಬೇಕು. ಆಗ ಹೆಣ್ಣಿನ ತಂದೆಯ ವೇಷದ ಒಬ್ಬರು ಬಂದು ಬೇಡಿಕೊಂಡು ಮತ್ತೆ ಕೂರಿಸುತ್ತಾರೆ. ಪ್ರವಾಸಿಗರು ಇದನ್ನೆಲ್ಲ ವಿಡಿಯೋ ಮಾಡಿಕೊಂಡು ಹೋಗುತ್ತಾರಂತೆ.

ಅಲ್ಲಿಗೇ ಹೋಗೋಣ ಎಂದು ಹಟ ಹಿಡಿದವಳು ನಾನು. ಮೂಡಿಗೆರೆಯಲ್ಲಿ ಒಟ್ಟಿಗೆ ಓದಿದ ಗೆಳತಿಯರು ನಾವು ಮೂವರು. ಒಬ್ಬಳು ಈಗ ಮಲ್ಲಂದೂರಿನಲ್ಲಿ ಟೀಚರ್. ಇನ್ನೊಬ್ಬಳು ನಮ್ಮಣ್ಣನನ್ನೇ ಮದುವೆಯಾಗಿ ನನಗೆ ಅತ್ತಿಗೆಯಾದಳು. ಆದರೆ ಅತ್ತಿಗೆ ಎಂದು ನಾನು ಒಂದು ದಿನವೂ ಕರೆದಿಲ್ಲ. ನಮ್ಮ ಗೆಳೆತನದ ಮುಂದೆ ಸಂಬಂಧ ಯಾವ ಲೆಕ್ಕ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಹೋಟೆಲಿನ ಸುದ್ದಿ ಕೇಳಿ ಅವಳು, ಅಲ್ಲಿ ಬೇಡ, ಪೇಟೆಯಲ್ಲೇ ಎಲ್ಲಾದರೂ ದೋಸೆ ತಿಂದು ಬರೋಣ ಎಂದಿದ್ದಳು. ನಾನು ಕೇಳಬೇಕಲ್ಲ.

ಊಟ ಚೆನ್ನಾಗಿಯೇ ಇತ್ತು. ಬಿಸಿ ಕಡುಬು, ಕೋಳಿ ಸಾರು, ಆಮೇಲೆ ಮಟನ್. ಮುನಿಸಿಕೊಳ್ಳುವ ಹೊತ್ತು ಬಂದಾಗ ಟೀಚರಮ್ಮ ಮುಖ ಗಂಟಿಕ್ಕಲು ಹೋಗಿ ನಕ್ಕುಬಿಟ್ಟಳು. ಸಿಟ್ಟು ನನ್ನ ಇಲಾಖೆ, ನನಗೆ ಬಿಡು ಎಂದೆ. ಎಲೆಯ ಮೇಲಿನ ಮಟನ್ ತುಂಡನ್ನು ಬೆರಳಲ್ಲಿ ಆಚೆ ತಳ್ಳಿ, ಪಂಕ್ತಿಗೆಲ್ಲ ಕೇಳುವಂತೆ ದನಿ ಏರಿಸಿದೆ.

"ಗಂಡಿನ ಕಡೆಯವ್ರಿಗೆ ಬರೀ ಮೂಳೆ ಬಡಿಸ್ತೀರಾ? ಅನ್ನಕ್ಕೆ ಗತಿ ಇಲ್ದೆ ಬಂದೋರಲ್ಲ ನಾವು. ಏಳ್ರೇ."

ಪಕ್ಕದ ಸಾಲಿನವರು ಚಪ್ಪಾಳೆ ತಟ್ಟಿದರು. ಹೆಣ್ಣಿನ ತಂದೆಯ ವೇಷದವರು ಓಡಿಬಂದರು. ಹೆಗಲ ಮೇಲಿನ ಟವೆಲ್ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿ, ತಪ್ಪಾಯ್ತು ತಾಯಿ, ದೊಡ್ಡ ಮನಸ್ಸು ಮಾಡಿ ಕೂತ್ಕಳಿ ಎಂದರು. ನಾನು ಮುಖ ತಿರುಗಿಸಿ ನಿಂತೆ. ಸುಳ್ಳು ಹೇಳುವುದಿಲ್ಲ, ಹಾಗೆ ನಿಲ್ಲುವುದು ನನಗೆ ಬಹಳ ಹಿತವಾಗಿತ್ತು. ಮುಖ ತಿರುಗಿಸಿದ ಕಡೆ ನಮ್ಮಣ್ಣನ ಹೆಂಡತಿ ಕೂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ, ಆ ಟವೆಲನ್ನು ನೋಡುತ್ತಿದ್ದಳು.

ಆಗ ನೆನಪಾಯಿತು. ಆ ಮಾತು ನಾನು ಅಲ್ಲಿ ಹೊಸದಾಗಿ ಕಟ್ಟಿದ್ದಲ್ಲ. ಅಣ್ಣನ ಮದುವೆಯ ಮಾರನೇ ದಿನ ಅವಳ ಮನೆಯಂಗಳದ ಬೀಗರ ಊಟದಲ್ಲಿ ನಿಜವಾಗಿ ಆಡಿದ್ದು. ಮದುಮಗನ ತಂಗಿ ಎದ್ದಳೆಂದು ನಮ್ಮ ಪಂಕ್ತಿಗೆ ಪಂಕ್ತಿಯೇ ಎದ್ದಿತ್ತು. ಅವಳಪ್ಪ ಹೆಗಲ ಟವೆಲ್ ಕೈಗೆ ತೆಗೆದುಕೊಂಡು ಒಂದೊಂದು ಎಲೆಯ ಮುಂದೆಯೂ ನಿಂತು ಬೇಡಿಕೊಂಡಿದ್ದರು. ಹುಡುಗಿ ಏನು ಜೋರು ಎಂದು ನಮ್ಮ ಚಿಕ್ಕಪ್ಪಂದಿರು ನನ್ನನ್ನು ಹೊಗಳಿದರು. ಆಮೇಲೆ ನೆಂಟರು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಅದು ನಗುವ ಕಥೆ. ಅವಳು ಕಾಫಿ ತಂದಿಡುವಾಗಲೂ ಹೇಳಿ ನಕ್ಕಿದ್ದೇವೆ. ಅವಳೂ ನಗುತ್ತಾಳೆ ಎಂದೇ ನಾನು ತಿಳಿದಿದ್ದೆ. ಅವಳಪ್ಪ ಬದುಕಿದ್ದಷ್ಟು ದಿನ ನಮ್ಮ ಮನೆಗೆ ಬಂದರೆ ಕಾಫಿಗೇ ಮುಗಿಸುತ್ತಿದ್ದರು. ಎಲೆ ಹಾಕಿದರೆ, ಈಗಷ್ಟೇ ಉಂಡು ಬಂದೆ ಎನ್ನುತ್ತಿದ್ದರು. ಸಂಕೋಚದ ಮನುಷ್ಯ ಎಂದುಕೊಂಡಿದ್ದೆವು.

ಅವಳು ಎದ್ದು ಆ ವೇಷದವರ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು. ಊಟ ಚೆನ್ನಾಗಿದೆ, ನೀವು ಒಳಗೆ ಹೋಗಿ ಎಂದಳು. ಅವರು ತಬ್ಬಿಬ್ಬಾಗಿ, ಇದು ನನ್ನ ಕೆಲಸ ಅಲ್ವಾ ಅಮ್ಮ ಎಂದರು. ಗೊತ್ತು, ಆದರೂ ಹೋಗಿ ಎಂದು ಹೇಳಿ ಕೂತು, ಎಲೆಯಲ್ಲಿದ್ದದ್ದನ್ನೆಲ್ಲ ತಲೆ ಎತ್ತದೆ ಉಂಡಳು. ಏನಾಯಿತೆಂದು ಟೀಚರಮ್ಮ ಕೇಳಿದಳು. ನಾನು ಸುಮ್ಮನೆ ಉಣ್ಣು ಎಂದೆ. ನಾನೂ ಕೂತು, ಆಚೆ ತಳ್ಳಿದ್ದ ಮಟನ್ ತುಂಡನ್ನು ಎಲೆಯ ನಡುವಿಗೆ ಎಳೆದುಕೊಂಡೆ.

ಟೀಚರಮ್ಮ ಕಾರು ತರಲು ಹೋದಳು. ಕೈ ತೊಳೆಯುವ ನಲ್ಲಿಯ ಹತ್ತಿರ ನಾವಿಬ್ಬರೇ ಉಳಿದೆವು.

"ತಪ್ಪಾಯ್ತು ಕಣೇ" ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಯಾವತ್ತಿಂದು?" ಎಂದು ಕೇಳಿದಳು.

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ಅವಳು ಇನ್ನೇನು ಕೇಳುತ್ತಾಳೋ ಎಂದು ಹೆದರಿದೆ.

"ಇವತ್ತಿಂದು" ಎಂದೆ.

"ಇವತ್ತಿಂದು ಬಿಡು ಮಾರಾಯ್ತಿ, ಅದು ಆಟ" ಎಂದು ಅವಳು ಕಾರಿನ ಕಡೆ ನಡೆದಳು.