ನಾಲ್ಕನೆಯ ಎಲೆ

ಯಲ್ಲಾಪುರ ಪೇಟೆಯ ಡಿಟಿಪಿ ಅಂಗಡಿಯಲ್ಲಿ ನನ್ನ ದೆವ್ವದ ಕಥೆಯನ್ನು ಟೈಪ್ ಮಾಡುತ್ತಿದ್ದ ಶಬಾನಾ ತಟ್ಟನೆ ಕೈ ನಿಲ್ಲಿಸಿದಳು. ಅಲ್ಲಿಯವರೆಗೆ ಬಾವಿಯಿಂದ ಎದ್ದ ಹೆಣ, ಗೋಡೆಯ ಮೇಲಿನ ರಕ್ತ, ಉಲ್ಟಾ ಪಾದ ಎಲ್ಲವನ್ನೂ ಮದುವೆ ಕರೆಯೋಲೆ ಟೈಪ್ ಮಾಡಿದಷ್ಟೇ ನಿರಾಳವಾಗಿ ಮುಗಿಸಿದ್ದಳು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

"ಅಕ್ಕಾ, ಇಲ್ಲಿ ಊಟಕ್ಕೆ ಕೂತವರು ಮೂರೇ ಜನ. ಕಥೆಯ ಈ ಹೆಂಗಸು ಎಂಜಲೆಲೆ ಎತ್ತೋದು ಮಾತ್ರ ನಾಲ್ಕು. ಇನ್ನೊಂದು ಯಾರದ್ದು?" ಎಂದು ಕೇಳಿದಳು. ದನಿ ಸಣ್ಣಗಾಗಿತ್ತು.

ಯಾರದ್ದೂ ಅಲ್ಲ, ಅದು ನನ್ನ ತಪ್ಪು. ಮಂಚಿಕೇರಿಯ ನಮ್ಮ ಮನೆಯಲ್ಲಿ ದಿನವೂ ಬಾಳೆಲೆ ಊಟ. ಉಂಡ ಎಲೆಗಳನ್ನು ಎತ್ತಿ ಹಸುವಿಗೆ ಹಾಕುವ ಕೆಲಸ ನನ್ನದು. ಮನೆಯವರು, ಮಗಳು, ಅತ್ತೆ, ನಾನು ಎಂದು ಎಷ್ಟೋ ವರ್ಷ ನಾಲ್ಕೆಲೆ ಎತ್ತಿದ್ದೇನೆ. ಕಳೆದ ವರ್ಷ ಅತ್ತೆ ತೀರಿಕೊಂಡ ಮೇಲೆ ಮೂರಾಯಿತು. ಬರೆಯುವ ಕೈಗೆ ಅದಿನ್ನೂ ರೂಢಿಯಾಗಿರಲಿಲ್ಲ.

"ಮೂರು ಅಂತ ತಿದ್ದಲಾ ಅಕ್ಕಾ?"

"ಬೇಡ, ಅದು ಹಾಗೇ ಇರಲಿ. ಹೆಣ, ರಕ್ತ, ಪಾದ ಎಲ್ಲ ತೆಗೆದುಬಿಡು" ಎಂದೆ. ಹನ್ನೆರಡು ಪುಟದ ಕಥೆ ಐದು ಪುಟಕ್ಕೆ ಇಳಿಯಿತು. ಅದನ್ನು ಮತ್ತೊಮ್ಮೆ ಓದಿದ ಶಬಾನಾ, ಅಂಗಡಿಯ ಹಿಂದಿನ ಬಾಗಿಲು ಹಾಕಿ ಬಂದು ಕೂತಳು.

ಮನೆಗೆ ಬಂದು ಊಟ ಮುಗಿಸಿ ಎಲೆ ಎತ್ತುವಾಗ ಮೊದಲ ಸಲ ಎಣಿಸಿದೆ. ಮೂರೇ ಇದ್ದವು. ಎಣಿಸುವಾಗ ಹೆದರಿಕೆಯಿತ್ತು. ಎಣಿಸಿ ಮುಗಿದಾಗ, ಇನ್ನೊಂದು ಇರಬಾರದಿತ್ತೇ ಅನ್ನಿಸಿತು.